ಹಳೆಯ ಕಪಾಟಿಗೆ ಹೊಸ ಕದ

ಸಂಸ್ಕೃತದಲ್ಲಿ ಕಪಾಟವೆಂದರೆ ಕದ. ಅಮರಸಿಂಹನು ಕಪಾಟ, ಅರರ ಎಂಬೆರಡನ್ನೂ ಸಮಾನಾರ್ಥಕಗಳಾಗಿ ಎಣಿಸಿದ್ದಾನೆ. ಅದೇ ಮಾತು ಮರಾಠಿ ಕನ್ನಡಗಳ ಬಳಕೆಗೆ ಇಳಿದು ಕಪಾಟು ಎನಿಸಿದಾಗ ಅದರ ಅರ್ಥವು ಹಿಗ್ಗಿತು. ಕದವುಳ್ಳ ಪೆಟ್ಟಿಗೆಯನ್ನೆಲ್ಲ ಅದು ಹೇಳತೊಡಗಿತು. ಅವಯವದ ಹೆಸರು ಅವಯವಿಗೆ ಸಂದಿತು. ಇಂಗ್ಲಿಷರ ‘ಕಬರ್ಡ್’ ಎಂಬ ಮಾತಿನ ಚರಿತ್ರೆ ಇದಕ್ಕೆ ವಿಪರೀತವಾದುದು. ಅದು ಮೊದಲಿಗೆ ‘ಕಪ್ ಬೋರ್ಡ್’, ಎಂದರೆ ಬಟ್ಟಲುಗಳನ್ನು ಸಾಲಾಗಿ ಇಡುವ ಹಲಗೆ. ಹದಿನಾಲ್ಕನೆಯ ಶತಮಾನದಲ್ಲಿ ಆ ಹಲಗೆಗೆ ಕದವೆಂಬುದೇ ಇರಲಿಲ್ಲ. ಪಕ್ಕಗಳೂ ಕದಗಳೂ ಅನಂತರ ಬಂದುವು. ಹೆಸರು ಮಾತ್ರ ಹಳೆಯದೇ ಉಳಿಯಿತು. ಈ ಎರಡು ಮಾತುಗಳಲ್ಲಿ ಬಡಗಿಯ ಅನುಭವಕ್ಕೆ ಹತ್ತಿರವಾದುದು ಕನ್ನಡದ್ದೇ ಎನ್ನಬೇಕು. ಅಡಿಗೆಯ ಮನೆಯ ಕಪಾಟನ್ನು ನೋಡುವವನಿಗೆ ಕಾಣುವುದು ಕದವೊಂದೇ.

ತೊಡಕು ಹುಟ್ಟುವುದೂ ಅಲ್ಲಿಯೇ. ಹಳೆಯ ಮನೆಗಳಲ್ಲಿ ಕಪಾಟಿನ ಒಡಲು ಗಟ್ಟಿಯಾಗಿಯೇ ಇರುತ್ತದೆ, ಕೆಡುವುದು ಕದ. ಹೊಗೆ, ಎಣ್ಣೆಯ ಜಿಡ್ಡು, ನೀರಿನ ಪಸೆ, ದಿನಕ್ಕೆ ಹತ್ತಾರು ಸಲ ಎಳೆಯುವ ಕೈ, ಇವೆಲ್ಲವನ್ನೂ ತಾಳಿಕೊಳ್ಳಬೇಕಾದುದು ಅದೇ. ಆಗ ಗೃಹಸ್ಥನು ಒಂದೆರಡು ಹೊಸ ಕದಗಳನ್ನು ಮಾಡಿಸುತ್ತಾನೆ. ಕೂಡಿಸಿದ ಮೇಲೆ ಅವು ಗುರುತಿಲ್ಲದ ಮದುವೆಯ ಮನೆಗೆ ಬಂದ ದಾರಿಹೋಕರಂತೆ ಕಾಣುತ್ತವೆ. ಬಣ್ಣ ಹೊಂದಲಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಮತ್ತೊಮ್ಮೆ ಬಣ್ಣ ಬಳಿದರೂ ಹೊಂದುವುದಿಲ್ಲ. ಕಡೆಗೆ ಬೇಸತ್ತು, ಇನ್ನೂ ಒಂದೆರಡು ತಲೆಮಾರು ಬಾಳಬಹುದಾಗಿದ್ದ ಒಡಲನ್ನೂ ಕಿತ್ತು ಹಾಕಿಸಿಬಿಡುತ್ತಾನೆ. ಹೀಗೆ ಹಾಳಾದ ಒಳ್ಳೆಯ ಮರಗೆಲಸಕ್ಕೆ ಲೆಕ್ಕವಿಲ್ಲ. ದೋಷವು ಬಹುಮಟ್ಟಿಗೆ ಬಣ್ಣದ್ದಲ್ಲ. ಕದ ಮಾಡುವ ಕ್ರಮವು ಕಳೆದ ಇನ್ನೂರು ವರ್ಷಗಳಲ್ಲಿ ಬುಡಸಹಿತ ಬದಲಾಗಿದೆ. ಒಂದು ಕಾಲದ ಒಡಲಿಗೆ ಇನ್ನೊಂದು ಕಾಲದ ಕದವನ್ನು ತಂದು ಕೂಡಿಸಿದರೆ ಅದು ಹೊಂದುವುದಾದರೂ ಹೇಗೆ?

ಕನ್ನಡನಾಡಿನ ಹಿಂದಿನ ಅಡಿಗೆಯ ಮನೆಗಳಲ್ಲಿ ಸಾಲುಕಪಾಟುಗಳ ವಾಡಿಕೆ ಇರಲಿಲ್ಲ. ಗೋಡೆಯ ಗೂಡು, ನಾಗಂದಿಗೆ, ಜಂತೆಯಿಂದ ತೂಗುವ ನೆಲವು, ಒಂದರ ಮೇಲೊಂದು ಏರಿಸಿದ ಗಡಿಗೆಗಳು, ಇಷ್ಟರಲ್ಲೇ ಸಂಸಾರ ಸಾಗುತ್ತಿತ್ತು. ಕದಗಳ ಸಾಲೇ ಗೋಡೆಯಾಗಿ ನಿಲ್ಲುವ ಅಡಿಗೆಯ ಮನೆ ಇಲ್ಲಿಗೆ ಹೊರಗಿನಿಂದ ಬಂದುದು. ಆದಕಾರಣ ಅದರ ಚರಿತ್ರೆಯನ್ನು ಅದು ಬೆಳೆದ ಯೂರೋಪು ಅಮೆರಿಕಗಳಲ್ಲಿಯೇ ಹುಡುಕಬೇಕು.

ಮೊದಲಿಗೆ ಹಲಗೆಯ ಸ್ವಭಾವವನ್ನು ನೆನೆಯುವುದು ಉಚಿತ. ಮರವು ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಎಳೆಯ ಉದ್ದಕ್ಕೆ ಅದು ಹೆಚ್ಚು ಕದಲದು. ಅಡ್ಡಲಾಗಿ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ಅಗಲವಾದ ಒಂದೇ ಹಲಗೆಯಿಂದ ಕದ ಮಾಡಿದರೆ ಅದು ಬಾಗುವುದು, ಇಲ್ಲವೆ ಸೀಳುವುದು. ಯೂರೋಪಿನ ಬಡಗಿಗಳಲ್ಲಿ ಹದಿನೈದನೆಯ ಶತಮಾನದ ಹೊತ್ತಿಗೆ ಇದಕ್ಕೊಂದು ಉಪಾಯ ರೂಢವಾಗಿದ್ದಿತು. ನಾಲ್ಕು ಕಿರುಪಟ್ಟಿಗಳನ್ನು ಒಂದರ ತುದಿ ಇನ್ನೊಂದರ ರಂಧ್ರದಲ್ಲಿ ಕೂಡುವಂತೆ ಸೇರಿಸಿ ಚೌಕಟ್ಟು ಮಾಡುವುದು. ಚೌಕಟ್ಟಿನ ಒಳ ಅಂಚಿನಲ್ಲಿ ತೋಡು ತೆಗೆದು ತೆಳುವಾದ ಹಲಗೆಯನ್ನು ಅಂಟಿಲ್ಲದೆ ಅದರಲ್ಲಿ ಸಿಕ್ಕಿಸುವುದು. ಹಲಗೆ ತೋಡಿನೊಳಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ. ಚೌಕಟ್ಟಿನ ಅಳತೆ ಕದಲದು. ಈ ಕದವನ್ನು ಅನುಕರಿಸುವವರು ಒಂದು ಸೂಕ್ಷ್ಮವನ್ನು ಮರೆಯುತ್ತಾರೆ. ನಡುವಿನ ಹಲಗೆಗೆ ಚೌಕಟ್ಟಿನಲ್ಲಿ ಸೇರಿಸುವ ಮೊದಲೇ ಬಣ್ಣ ಬಳಿಯಬೇಕು. ಸೇರಿಸಿದ ಮೇಲೆ ಬಳಿದರೆ ಮೊದಲ ಬೇಸಗೆಯಲ್ಲೇ ಹಲಗೆ ಕುಗ್ಗಿ, ಅಂಚಿನಲ್ಲಿ ಬಣ್ಣವಿಲ್ಲದ ಬಿಳಿಯ ಗೆರೆಯೊಂದು ಇಣಿಕಿ ನೋಡುವುದು.

ಇಂತಹ ಕದಗಳ ಕಾಲವನ್ನು ಇಂದಿಗೂ ಕಣ್ಣಾರೆ ಕಾಣಬೇಕಾದರೆ ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಹ್ಯಾನ್‌ಕಾಕ್ ಎಂಬ ಊರಿಗೆ ಹೋಗಬೇಕು. ೧೭೭೪ರಲ್ಲಿ ಇಂಗ್ಲೆಂಡಿನಿಂದ ಹೋದ ಆನ್ ಲೀ ಎಂಬಾಕೆಯ ಅನುಯಾಯಿಗಳು ಷೇಕರರೆನಿಸಿಕೊಂಡರು. ಬ್ರಹ್ಮಚರ್ಯ, ಸಮುದಾಯದ ಸೊತ್ತು, ಕೈಗೆಲಸ, ಇವು ಅವರ ಜೀವನದ ಕಟ್ಟಳೆಗಳು. ಹ್ಯಾನ್‌ಕಾಕಿನ ಷೇಕರರು ೧೮೩೦ರಲ್ಲಿ ಇಟ್ಟಿಗೆಯ ದೊಡ್ಡ ವಾಸಗೃಹವೊಂದನ್ನು ಕಟ್ಟಿದರು. ಆ ಸಮುದಾಯದ ವಿಲಿಯಂ ಡೆಮಿಂಗ್ ಎಂಬವನು ೧೮೩೨ರ ಆರಂಭದಲ್ಲಿ ಬರೆದ ಕಾಗದವೊಂದರಲ್ಲಿ ಅದರ ಲೆಕ್ಕವನ್ನು ಕೊಟ್ಟಿದ್ದಾನೆ: ದೊಡ್ಡ ಬಾಗಿಲುಗಳು ೧೦೦, ಕಪಾಟಿನ ಕದಗಳು ೨೪೫, ಎಳೆಯುವ ಖಾನೆಗಳು ೩೬೯. ಕೋಣೆಗಳ ಮೂಲೆಗಳಲ್ಲಿಯೂ ಹೊಗೆಗೂಡುಗಳ ಪಕ್ಕದಲ್ಲಿಯೂ ಇವು ಗೋಡೆಯೊಡನೆ ಒಂದಾಗಿ ನಿಂತಿವೆ. ಖಾನೆಗಳ ಮುಖಕ್ಕೆ ಅಕ್ರೋಟದ ಜಾತಿಯ ಬಟರ್‌ನಟ್ ಮರವನ್ನು ಹಾಕಿ ಬಣ್ಣದ ಕಷಾಯವನ್ನು ಊಡಿದರು. ಷೇಕರರ ಸಮುದಾಯ ಅಲ್ಲಿ ೧೯೬೦ರಲ್ಲಿ ಮುಗಿಯಿತು. ಮನೆ ಮಾತ್ರ ವಸ್ತುಪ್ರದರ್ಶನಶಾಲೆಯಾಗಿ ಉಳಿದಿದೆ. ಇಂದು ‘ಷೇಕರ್ ಕದ’ವೆಂಬ ಹೆಸರಿನಲ್ಲಿ ಬೆಳ್ಳಗೆ ಬಣ್ಣ ಬಳಿದ ಚಪ್ಪಟೆಯ ಕದಗಳು ಲೋಕದಲ್ಲೆಲ್ಲ ಮಾರಾಟವಾಗುತ್ತವೆ. ನಿಜವಾದ ಷೇಕರರಿಗೆ ಹಳದಿ, ಕೆಂಪು, ನೀಲಿಗಳೆಂದರೆ ಸಂಕೋಚವಿರಲಿಲ್ಲವೆಂಬುದನ್ನು ಮಾರುವವರೂ ಅರಿಯರು, ಕೊಳ್ಳುವವರೂ ಅರಿಯರು.

ಆ ಕಾಲದ ಕದವು ಕಪಾಟಿನ ಚೌಕಟ್ಟಿನ ಒಳಗೆ, ಅದರ ಮುಖಕ್ಕೆ ಸಮನಾಗಿ ಕುಳಿತುಕೊಳ್ಳುವುದು. ಸುತ್ತಲೂ ಬಿಡುವ ಸಂದು ಒಂದೂವರೆ ಎರಡು ಮಿಲಿಮೀಟರಿಗಿಂತ ಹೆಚ್ಚಿಲ್ಲ. ಇದರಲ್ಲೊಂದು ಸ್ವಾರಸ್ಯವಿದೆ. ಮನೆಯು ನಿಂತ ನೆಲ ಕಾಲಕ್ರಮದಲ್ಲಿ ಕುಸಿಯುತ್ತದೆ, ಚೌಕಟ್ಟು ಒಂದು ಕಡೆಗೆ ವಾಲುತ್ತದೆ, ಕದ ಹಿಡಿಯುತ್ತದೆ. ಆಗ ಬಡಗಿ ಬಂದು ಹಿಡಿದ ಅಂಚನ್ನು ಕೀಸುಳಿಯಿಂದ ನಾಲ್ಕು ಸಲ ಉಜ್ಜಿ ಹೋಗುತ್ತಾನೆ. ಹೀಗೆ ಐವತ್ತು ನೂರು ವರ್ಷಗಳಲ್ಲಿ ಕದವು ಮನೆಯ ಸೊಟ್ಟನ್ನು ತಾನೂ ಕಲಿತುಕೊಂಡಿರುತ್ತದೆ. ಎರಡೂ ಸೊಟ್ಟಾದುದರಿಂದ ಕಣ್ಣಿಗೆ ಎರಡೂ ನೆಟ್ಟಗೆ ಕಾಣುತ್ತವೆ! ಅಲ್ಲಿಗೆ ಮೂಲೆಮಟ್ಟಕ್ಕೆ ಸರಿಯಾಗಿ ಮಾಡಿದ ಹೊಸ ಕದವನ್ನು ತಂದರೆ ಅದು ಚೌಕಟ್ಟಿನ ವಾಲನ್ನೆಲ್ಲ ಬಯಲಿಗೆ ಎಳೆಯುತ್ತದೆ. ನೋಡುವವರು ಹೊಸ ಕದವೇ ಸೊಟ್ಟಗಿದೆಯೆನ್ನುತ್ತಾರೆ. ಆದುದರಿಂದ ಕಪಾಟಿನ ಬಾಯಿಯ ಉದ್ದಗಲಗಳನ್ನಷ್ಟೇ ಅಳೆದರೆ ಸಾಲದು. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಬೇಕು. ಹಳೆಯ ಕದವನ್ನು ಎಸೆಯದೆ ಕಾಗದದ ಮೇಲಿಟ್ಟು ಅದರ ರೇಖೆಯನ್ನು ಬರೆದುಕೊಳ್ಳಬೇಕು. ಹೊಸ ಕದವನ್ನು ಸ್ವಲ್ಪ ದೊಡ್ಡದಾಗಿಯೇ ಮಾಡಿ, ಸ್ಥಳದಲ್ಲಿ ಉಜ್ಜಿ ಕೂಡಿಸುವುದೇ ಹಿಂದಿನವರ ಕ್ರಮ.

ಎರಡನೆಯ ಕಾಲವು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಮೊದಲಾಯಿತು. ಮೊದಲನೆಯ ಮಹಾಯುದ್ಧದ ತರುವಾಯ ಅಲ್ಲಿ ಮನೆಗಳ ಕ್ಷಾಮ ವಿಪರೀತವಾಗಿದ್ದಿತು. ೧೯೨೫ರಲ್ಲಿ ನಗರದ ಕಟ್ಟಡಗಳ ಅಧಿಕಾರವನ್ನು ವಹಿಸಿಕೊಂಡ ಎರ್ನ್ಸ್ಟ್ ಮೇ ಎಂಬ ವಾಸ್ತುಶಿಲ್ಪಿಯು ಸಾವಿರಾರು ಮನೆಗಳನ್ನು ಕಟ್ಟಿಸಲು ತೊಡಗಿದನು. ಅವುಗಳ ಅಡಿಗೆಯ ಮನೆಯನ್ನು ೧೯೨೬ರಲ್ಲಿ ರೂಪಿಸಿದವಳು ವಿಯೆನ್ನಾದ ಮಾರ್ಗರೆಟ್ ಲಿಹೊಟ್ಸ್ಕಿ. ಆಗ ತನಗೆ ಅಡಿಗೆಯ ಅನುಭವವೇ ಇರಲಿಲ್ಲವೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ರೈಲುಗಾಡಿಯ ಊಟದ ಬಂಡಿಯಲ್ಲಿ ಕಿರುಜಾಗದಲ್ಲಿ ನಡೆಯುವ ಅಡಿಗೆಯನ್ನು ಗಮನಿಸಿ, ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಿ, ಸುಮಾರು ೧.೯ ಮೀಟರು ಅಗಲ, ೩.೪ ಮೀಟರು ಉದ್ದದ ಕೋಣೆಯಲ್ಲಿ ಆಕೆ ಎಲ್ಲವನ್ನೂ ಅಳವಡಿಸಿದಳು. ಬೇಳೆ ಸಕ್ಕರೆಗಳಿಗೆ ಸುರಿಯುವ ಮೂತಿಯುಳ್ಳ ಅಲ್ಯೂಮಿನಿಯಮ್ ಖಾನೆಗಳು. ಹಿಟ್ಟಿಗೆ ಹುಳು ಬೀಳದಿರಲೆಂದು ಓಕ್ ಮರದ ಖಾನೆ. ಹೆಚ್ಚುವ ಹಲಗೆಗೆ ಬೀಚ್ ಮರ. ಕದಗಳಿಗೆ ನೀಲಿಯ ಛಾಯೆ, ನೊಣಗಳು ನೀಲಿಯ ಮೇಲೆ ಕೂರವೆಂಬ ನಂಬಿಕೆಯಿಂದ. ಇಂತಹ ಸುಮಾರು ೧೦,೦೦೦ ಅಡಿಗೆಯ ಮನೆಗಳು ನಿರ್ಮಿತವಾದುವು. ಬಡಗಿಯು ಮನೆಗೆ ಬಂದು ಅಳೆದು ಮಾಡಿದ ಕದಗಳಲ್ಲ ಇವು; ಒಂದೇ ಮಾನಕ್ಕೆ ಕಾರ್ಖಾನೆಯಲ್ಲಿ ಸಿದ್ಧವಾದುವು.

ಸಮಯವಾದ ಮೇಲೆ ಈ ನಿಷ್ಕೃಷ್ಟತೆಯೇ ಅವಕ್ಕೆ ಮುಳುವಾಯಿತು. ಶೀತಪೆಟ್ಟಿಗೆ ಮೊದಲಾದ ಯಂತ್ರಗಳು ಮನೆಮನೆಗೆ ಬಂದಾಗ ಆ ಕೋಣೆಯಲ್ಲಿ ಅವಕ್ಕೆ ಎಡೆ ದೊರೆಯಲಿಲ್ಲ. ಒಂದು ಕದ ಕೆಟ್ಟರೆ ಅಂಗಡಿಯಲ್ಲಿ ಅದಕ್ಕೆ ಜೋಡಿಯಿಲ್ಲ. ಹೀಗಾಗಿ ಅವುಗಳಲ್ಲಿ ಬಹುಭಾಗವನ್ನು ಕಿತ್ತು ಎಸೆದರು. ಉಳಿದ ಕೆಲವಕ್ಕೆ ಈಗ ಬಂದಿರುವ ಗೌರವವನ್ನು ನೋಡಿದರೆ ನಗುವೂ ಬರುತ್ತದೆ, ವ್ಯಥೆಯೂ ಆಗುತ್ತದೆ. ಒಂದನ್ನು ನ್ಯೂಯಾರ್ಕಿನ ಆಧುನಿಕ ಕಲಾಶಾಲೆಯು ೨೦೦೯ರಲ್ಲಿ ಸಂಪಾದಿಸಿ ತನ್ನಲ್ಲಿ ಇರಿಸಿಕೊಂಡಿದೆ. ಫ್ರಾಂಕ್‌ಫರ್ಟಿನ ರೋಮರ್‌ಸ್ಟಾಟ್ ಬಡಾವಣೆಯಲ್ಲಿ ಒಂದು ಮನೆಯನ್ನು ಅಡಿಗೆಯ ಮನೆಸಹಿತ ಹಿಂದಿನಂತೆ ಸರಿಪಡಿಸಿ ಎರ್ನ್ಸ್ಟ್ ಮೇಯ ಹೆಸರಿನಲ್ಲಿ ಕಾಪಾಡಿದ್ದಾರೆ. ಲಿಹೊಟ್ಸ್ಕಿಯು ೨೦೦೦ದ ಜನವರಿಯಲ್ಲಿ, ನೂರಮೂರು ತುಂಬಲು ಐದು ದಿನಗಳಿರುವಾಗ ತೀರಿಕೊಂಡಳು. ತಾನು ದುಡಿಯುವವರ ಮನೆಗಳಿಗೆಂದು ಮಾಡಿದ ಕದಗಳು ವಸ್ತುಶಾಲೆಗಳಲ್ಲಿ ನಿಂತುದನ್ನು ಆಕೆ ಕಂಡಿದ್ದಳು.

ಮೂರನೆಯ ಕಾಲ ಎರಡನೆಯ ಮಹಾಯುದ್ಧದ ಅನಂತರದ್ದು. ೧೯೩೦ರ ದಶಕದಲ್ಲಿ ಜರ್ಮನಿಯ ಮಾಕ್ಸ್ ಹಿಮ್ಮೆಲ್‌ಹೆಬರನು ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಹಲಗೆ ಮಾಡುವ ಕ್ರಮವನ್ನು ಸಾಧಿಸಿದ್ದನು. ಈ ಹಲಗೆಯಲ್ಲಿ ಎಳೆಯೇ ಇಲ್ಲವಾದುದರಿಂದ ಚೌಕಟ್ಟಿನ ಅವಶ್ಯಕತೆ ತಪ್ಪಿತು. ಕಪಾಟಿನ ಮುಂದಿನ ಚೌಕಟ್ಟು ಮಾಯವಾಯಿತು. ಕದವು ಒಳಗೆ ಕೂರುವುದನ್ನು ಬಿಟ್ಟು ಪೆಟ್ಟಿಗೆಯ ಮುಖವನ್ನೆಲ್ಲ ಮುಚ್ಚಿಕೊಂಡಿತು. ಕೀಲು ಹೊರಗೆ ಕಾಣದಂತೆ, ಕದದ ಬೆನ್ನಿನಲ್ಲಿ ಕೊರೆದ ೩೫ ಮಿಲಿಮೀಟರಿನ ಗುಂಡು ಕುಳಿಯಲ್ಲಿ ಅಡಗಿತು. ಪೆಟ್ಟಿಗೆಯ ಒಳಪಕ್ಕಗಳಲ್ಲಿ ೩೨ ಮಿಲಿಮೀಟರಿಗೆ ಒಂದರಂತೆ ರಂಧ್ರಗಳ ಸಾಲು ಬಂದಿತು. ಈ ಕಾಲದ ಅಳತೆಯ ಮೂಲ ೬೦ ಸೆಂಟಿಮೀಟರು. ಇಂಗ್ಲಿಷ್ ಮಾನದಲ್ಲಿ ಕಟ್ಟಿದ ಕಪಾಟಿನ ಅಗಲ ೨೪ ಇಂಚು, ಎಂದರೆ ೬೦೯.೬ ಮಿಲಿಮೀಟರು. ಒಂದು ಕಪಾಟಿಗೆ ೯.೬ ಮಿಲಿಮೀಟರು ವ್ಯತ್ಯಾಸವೆಂದರೆ ಅಲ್ಪವೆಂದು ತೋರಬಹುದು. ಐದು ಕಪಾಟುಗಳ ಸಾಲಿನಲ್ಲಿ ಅದು ೪೮ ಮಿಲಿಮೀಟರಾಗಿ, ಕೊನೆಯ ಕದವು ಎರಡು ಬೆರಳಗಲ ಹಿಂದೆ ಬೀಳುವುದು. ಭಾರತದಲ್ಲಿ ಮೆಟ್ರಿಕ್ ಮಾನದ ಕಾಯಿದೆ ಬಂದುದು ೧೯೫೬ರಲ್ಲಿ. ಅದಕ್ಕೆ ಮೊದಲಿನ ಮನೆಗಳ ಗೋಡೆ ಗೂಡುಗಳೆಲ್ಲ ಅಡಿ ಇಂಚುಗಳವು. ಬಡಗಿಯ ಬಾಯಲ್ಲಿ ಅವು ಇಂದಿಗೂ ಇವೆ. ಈ ಒಂದು ಗುಣಾಕಾರವನ್ನು ಮರೆತು ಸಿದ್ಧಕದಗಳನ್ನು ತರಿಸಿಕೊಂಡವರ ಪಶ್ಚಾತ್ತಾಪ ಸಣ್ಣದಲ್ಲ.

ಈ ಎರಡರ ನಡುವಣ ಸಂಧಿಕಾಲದ್ದೊಂದು ಜಾತಿಯೂ ಉಂಟು. ಇಪ್ಪತ್ತನೆಯ ಶತಮಾನದ ನಡುಭಾಗದ ಅಮೆರಿಕದ ಕಪಾಟುಗಳಲ್ಲಿ ಕದದ ಅರ್ಧ ದಪ್ಪ ಚೌಕಟ್ಟಿನ ಒಳಗೆ, ಅರ್ಧ ಹೊರಗೆ ಇರುತ್ತದೆ. ಅಂಚಿನಲ್ಲಿ ಎಂಟನೆಯ ಮೂರಿಂಚಿನ ಮೆಟ್ಟಿಲು ತೆಗೆದಿರುತ್ತಾರೆ. ಇದಕ್ಕೆ ಬೇರೆಯೇ ಬಗೆಯ ಬಾಗಿದ ಕೀಲು ಬೇಕು. ನರಸಿಂಹಾವತಾರವೆನ್ನಬಹುದಾದ ಈ ಕದವನ್ನು ಗುರುತಿಸದೆ ಹೋದವರು ಮಾಡಿಸಿದ ಕದ ಒಳಕ್ಕೂ ಸೇರದು, ಹೊರಕ್ಕೂ ಸೇರದು.

ಇನ್ನು ಬಣ್ಣದ ಮಾತು. ವರಾಹಮಿಹಿರನು ಬೃಹತ್ಸಂಹಿತೆಯ ಶಯ್ಯಾಸನಲಕ್ಷಣದಲ್ಲಿ ಯಾವ ಮರದೊಡನೆ ಯಾವ ಮರ ಕೂಡಿದರೆ ಶುಭ, ಯಾವುದು ಒಂಟಿಯಾಗಿಯೇ ಇರಬೇಕು ಎಂದು ವಿವರಿಸುತ್ತಾನೆ. ಶುಭಾಶುಭಗಳ ಮಾತು ಅಂತಿರಲಿ. ಎರಡು ಮರಗಳು ಒಂದೇ ಬಗೆಯಲ್ಲಿ ಮುದಿಯಾಗುವುದಿಲ್ಲವೆಂಬುದು ಪ್ರತ್ಯಕ್ಷ. ಚೆರಿ ಮರ ಬೆಳಕಿನಲ್ಲಿ ಕಪ್ಪಾಗುತ್ತ ಹೋಗುತ್ತದೆ. ಕಪ್ಪು ಅಕ್ರೋಟ ತಿಳಿಯಾಗುತ್ತದೆ. ಹೊಸದಾಗಿ ಕೊಯ್ದ ತೇಗದ ಗೆರೆಗಳು ಕೆಲವು ತಿಂಗಳಲ್ಲಿ ಮಾಗಿ ಹೊಂಬಣ್ಣಕ್ಕೆ ತಿರುಗುತ್ತವೆ. ಅಗಸೆ ಎಣ್ಣೆಯ ಬಿಳಿ ಬಣ್ಣವು ಕತ್ತಲಲ್ಲಿ ಹಳದಿಗೆ ತಿರುಗುವುದು, ಬೆಳಕಿನಲ್ಲಿ ಬಿಳಿಯಾಗಿರುವುದು. ಕದದ ಹೊರಮೈಗೂ ಒಳಮೈಗೂ ಬಣ್ಣ ಬೇರೆಯಾಗುವುದು ಇದರಿಂದಲೇ. ಮೊದಲ ಬಣ್ಣವಾವುದೆಂದು ತಿಳಿಯಬೇಕಾದರೆ ಕೀಲನ್ನು ಬಿಚ್ಚಿ ಅದರ ಅಡಿಯನ್ನು ನೋಡಬೇಕು. ಬೆಳಕೂ ಜಿಡ್ಡೂ ಕೈಯೂ ಸೋಕದ ಅಷ್ಟು ಜಾಗದಲ್ಲಿ ಅದು ಉಳಿದಿರುತ್ತದೆ. ಹೊಸ ಮರಕ್ಕೆ ಹಳೆಯ ಬಣ್ಣವನ್ನು ಇಂದೇ ಬಳಿದು ಸರಿಮಾಡಿದರೆ, ಮರವು ತಾನೂ ಮಾಗಿದ ಮೇಲೆ ಐದು ವರ್ಷಕ್ಕೆ ಅದು ಹಳೆಯದನ್ನೂ ಮೀರಿ ಕಪ್ಪಾಗುವುದು. ತುಸು ತಿಳಿಯಾಗಿಯೇ ಬಿಡುವುದು ಜಾಣತನ.

ಮಯಮತವು ಜೀರ್ಣವಾದುದನ್ನು ಸರಿಪಡಿಸುವುದಕ್ಕೆ ಅನುಕರ್ಮವೆಂದು ಹೆಸರಿಟ್ಟು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಹೊಸದರ ದ್ರವ್ಯವು ಹಿಂದಿನದಕ್ಕಿಂತ ಹೀನವಾಗಬಾರದೆಂಬುದು ಅದರ ಆಶಯ. ಅಲ್ಲಿನ ವಿಷಯ ದೇವಾಲಯ; ಆದರೆ ಅನುಕರ್ಮವೆಂಬ ಮಾತು ಅಡಿಗೆಯ ಮನೆಗೂ ಒಪ್ಪುತ್ತದೆ. ಹಿಂದಿನವನ ಕೆಲಸವನ್ನು ಅನುಸರಿಸಿ ನಡೆಯುವ ಕೆಲಸ ಅದು.

ಅನುಭವಿಗಳಾದ ಬಡಗಿಗಳಲ್ಲಿ ಇನ್ನೊಂದು ಪದ್ಧತಿಯಿದೆ. ಹನ್ನೆರಡು ಕದಗಳಲ್ಲಿ ಮೂರು ಕೆಟ್ಟಿದ್ದರೆ ಆ ಮೂರರ ಜಾಗದಲ್ಲೇ ಹೊಸದನ್ನು ಕೂಡಿಸಲೇಬೇಕೆಂದು ಅವರು ಹಟ ಹಿಡಿಯುವುದಿಲ್ಲ. ಅಳತೆ ಒಂದೇ ಆಗಿರುವ ಕಡೆ ಗಟ್ಟಿಯಾದ ಹಳೆಯ ಕದಗಳನ್ನು ಬಿಚ್ಚಿ, ಕಣ್ಣಿಗೆ ಮೊದಲು ಬೀಳುವ ಸಾಲಿನಲ್ಲಿ ಒಟ್ಟಾಗಿ ಕೂಡಿಸುತ್ತಾರೆ. ಹೊಸ ಮೂರನ್ನು ಕಿಟಕಿಯ ಪಕ್ಕದ ಗೋಡೆಗೆ, ಬೆಳಕು ಚೆನ್ನಾಗಿ ಬೀಳುವ ಮೂಲೆಗೆ ಹಾಕುತ್ತಾರೆ. ಅಲ್ಲಿ ಅವು ಬೇಗ ಮಾಗುತ್ತವೆ. ಹಳೆಯ ಹಿಡಿಗಳನ್ನೂ ಕೀಲುಗಳನ್ನೂ ತೊಳೆದು ಎಣ್ಣೆ ಹಾಕಿ ಹೊಸ ಕದಗಳಿಗೆ ಹಚ್ಚುತ್ತಾರೆ.