ಒಲೆಯ ಹೊಗೆ, ಎಳೆಯ ಉಸಿರು: ಘಟ್ಟದ ಮೇಲಿನ ಮನೆಗಳ ಒಂದು ಚರಿತ್ರೆ

ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು, ತಗಲುವ ಸಂಭವವನ್ನು ಹೆಚ್ಚಿಸುವ ಸಂಗತಿಗಳಲ್ಲಿ ಕಡಿಮೆ ತೂಕದ ಜನನ, ಅಪೌಷ್ಟಿಕತೆ, ಎದೆಹಾಲಿನ ಕೊರತೆ, ದಡಾರದ ಲಸಿಕೆ ತಪ್ಪುವುದು, ಇಕ್ಕಟ್ಟಿನ ವಾಸ ಮತ್ತು ಮನೆಯೊಳಗಿನ ಹೊಗೆ ಮುಖ್ಯವಾದವು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಊರುಗಳಲ್ಲಿ ಈ ಕೊನೆಯ ಕಾರಣದ ಚರಿತ್ರೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ ಮತ್ತು ಕೊಟ್ಟಿಗೆಗಳ ಚರಿತ್ರೆಯೊಡನೆ ಹೆಣೆದುಕೊಂಡಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ ಈ ಸೀಮೆಯಲ್ಲಿ ಹೊಗೆಯನ್ನು ಯಾರೂ ಶತ್ರುವೆಂದು ಎಣಿಸಿರಲಿಲ್ಲ. ಸೋಗೆಯ ಮಾಡಿಗೆ ಹುಳ ಹಿಡಿಯದಂತೆ ಅದು ಕಾಯುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬೀಜ, ಮೆಣಸು, ಮಳೆಗಾಲದಲ್ಲೇ ಕೊಯ್ಲಿಗೆ ಬರುವ ಉಪ್ಪಾಗೆಯ ಸಿಪ್ಪೆ ಒಣಗುತ್ತಿದ್ದುದು ಒಲೆಯ ಕಾವು ಮತ್ತು ಹೊಗೆಯಲ್ಲೇ. ಅಡುಗೆಯ ಒಲೆ ಆರಿದರೂ ಬಚ್ಚಲಿನ ಹಂಡೆಯ ಒಲೆ ಉರಿಯುತ್ತಿತ್ತು, ಅಡಿಕೆ ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆಯೂ ಸೇರುತ್ತಿತ್ತು. ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು, ಎಣ್ಣೆ ಹಚ್ಚಿ ಮೀಯಿಸಿದ ಶಿಶುವಿನ ತಲೆಗೆ ಧೂಪದ ಹೊಗೆ ಹಿಡಿಯುವ ರೂಢಿಯೂ ಇತ್ತು. ಅದರ ಹಿಂದೆ ಇದ್ದದ್ದು ಅಕ್ಕರೆ ಮತ್ತು ಥಂಡಿಯ ಭಯ, ಅಲಕ್ಷ್ಯವಲ್ಲ. ಆದರೆ ಸೌದೆಯ ಹೊಗೆಯಲ್ಲಿನ ಸೂಕ್ಷ್ಮ ಕಣಗಳು ಶ್ವಾಸನಾಳದ ಒಳಪದರದಲ್ಲಿ ಕಫ ಮತ್ತು ರೋಗಾಣುಗಳನ್ನು ಹೊರದೂಡುವ ಸಣ್ಣ ರೋಮಗಳ ಕೆಲಸವನ್ನು ಕುಂದಿಸುತ್ತವೆ. ಶಿಶುವಿನ ಶ್ವಾಸನಾಳ ಕಿರಿದಾಗಿ, ಉಸಿರಾಟ ದೊಡ್ಡವರಿಗಿಂತ ವೇಗವಾಗಿರುವುದರಿಂದ, ಅಮ್ಮನ ಸೊಂಟದ ಮೇಲಿದ್ದು ಒಲೆಯ ಬಳಿ ಕಳೆಯುವ ಹೊತ್ತು ಮಗುವಿಗೇ ಹೆಚ್ಚು ಹಾನಿಕರ.

ಬದಲಾವಣೆ ಬಂದದ್ದು ಆಸ್ಪತ್ರೆಯಿಂದಲ್ಲ, ಕೊಟ್ಟಿಗೆಯಿಂದ. ಕೇಂದ್ರ ಸರ್ಕಾರ 1981-82ರಲ್ಲಿ ಆರಂಭಿಸಿದ ಜೈವಿಕ ಅನಿಲ ಯೋಜನೆಯ ನಂತರ ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಸ್ಥಾವರಗಳು ಹರಡಿದ ಬಗೆ ಎಷ್ಟು ಗಮನಾರ್ಹವಾಗಿತ್ತೆಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅದನ್ನು ಯಶಸ್ಸಿನ ಉದಾಹರಣೆಯಾಗಿ ಅಧ್ಯಯನ ಮಾಡಿದರು. ಅದೇ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ರೂಪಿಸಿದ, ಮೂರು ಪಾತ್ರೆ ಕೂರುವ, ಕೆಳಗೆ ಜಾಲರಿಯೂ ಹಿಂದೆ ಹೊಗೆಕೊಳವೆಯೂ ಇರುವ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಬಂತು. ಆದರೆ ಗ್ಯಾಸಿಗೆ ಸಗಣಿ ಬೇಕು, ಸಗಣಿಗೆ ದನ ಬೇಕು, ದನಕ್ಕೆ ಮೇವು, ಬೆಟ್ಟ ಬೇಕು. ತೋಟವಿದ್ದವರ ಅಡುಗೆಮನೆ ಮೊದಲು ಹೊಗೆಯಿಂದ ಬಿಡುಗಡೆಯಾಯಿತು, ತೋಟದ ಕೂಲಿಯವರ ಒಂದೇ ಕೋಣೆಯ ಮನೆ, ಇಕ್ಕಟ್ಟೂ ಹೊಗೆಯೂ ಒಟ್ಟಿಗೆ ಇದ್ದ ಮನೆ, ಕಾಯಬೇಕಾಯಿತು. ಅಂಥ ಮನೆಗಳಿಗೆ ಸಿಲಿಂಡರ್ ಒದಗಿಸುವ ಉಜ್ವಲ ಯೋಜನೆ ಆರಂಭವಾದದ್ದು 2016ರಲ್ಲಿ.

ಒಲೆ ಬದಲಾದ ಮಾತ್ರಕ್ಕೆ ಸೋಂಕು ನಿಲ್ಲುವುದಿಲ್ಲವೆಂಬುದನ್ನೂ ಹೇಳಬೇಕು. ಗ್ವಾಟೆಮಾಲಾದಲ್ಲಿ ಹೊಗೆಕೊಳವೆಯ ಒಲೆ ಕೊಟ್ಟು ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳು ಸೇವಿಸುವ ಹೊಗೆ ಅರ್ಧದಷ್ಟು ಇಳಿದರೂ ಒಟ್ಟು ನ್ಯುಮೋನಿಯಾ ಖಚಿತವಾಗಿ ತಗ್ಗಲಿಲ್ಲ, ತೀವ್ರ ಸ್ವರೂಪದ್ದು ಮಾತ್ರ ತಗ್ಗಿತು. ಎದೆಹಾಲು, ಪೌಷ್ಟಿಕ ಆಹಾರ ಮತ್ತು 2021ರಲ್ಲಿ ದೇಶದಾದ್ಯಂತ ಉಚಿತವಾದ ನ್ಯುಮೋಕಾಕಲ್ ಲಸಿಕೆಗೆ ಒಲೆ ಬದಲಿಯಲ್ಲ. ಅಡುಗೆಮನೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲಿನ ಹಂಡೆಗೆ ಸೌದೆ ಉರಿಯುವುದುಂಟು. ಅಲ್ಲಿಗೊಂದು ಹೊಗೆಕೊಳವೆ ಹಾಕಿಸಿ, ಮಗುವಿಗೆ ಹೊಗೆ ಹಿಡಿಯುವುದನ್ನು ಬಿಡಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೆಮ್ಮುವ ಮಗು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಮಳೆ ನಿಲ್ಲುವುದನ್ನು ಕಾಯದೆ ವೈದ್ಯರ ಬಳಿಗೆ ಒಯ್ಯಬೇಕು.