ಭಾಂಡುಪ್‌ನಿಂದ ಬೋರಿಬಂದರಿಗೆ: ಚಿತ್ರ ಕಲಿಯಲು ಹೋದವರು

ಮುಂಬಯಿಯ ಸೆಂಟ್ರಲ್ ಲೈನಿನಲ್ಲಿ ಸ್ಲೋ ಲೋಕಲ್ಲುಗಳು ನಿಲ್ಲುವ ಸ್ಟೇಷನ್ನುಗಳಲ್ಲಿ ಭಾಂಡುಪ್ ಒಂದು. ರೈಲಿನ ಇತಿಹಾಸ ಬರೆದವರು ಈ ಊರಿನ ಹೆಸರನ್ನು ಒಮ್ಮೆಯಾದರೂ ಎತ್ತುತ್ತಾರೆ. 1843ರಲ್ಲಿ ಮುಂಬಯಿ ಸರಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್ ಭಾಂಡುಪ್‌ಗೆ ಬಂದಿದ್ದಾಗ, ಮುಂಬಯಿಯನ್ನು ಠಾಣೆ, ಕಲ್ಯಾಣ ಮತ್ತು ಘಟ್ಟಗಳ ಜೊತೆ ಹಳಿಯಿಂದ ಜೋಡಿಸುವ ಯೋಚನೆ ಅವನಿಗೆ ಹೊಳೆಯಿತಂತೆ. ಹತ್ತು ವರ್ಷದ ಮೇಲೆ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು ಇದೇ ದಾರಿಯಲ್ಲಿ ಹಾದುಹೋಯಿತು.

ಅದೇ 1853ರಲ್ಲಿ ಪಾರಸೀ ವ್ಯಾಪಾರಿ ಸರ್ ಜಮ್ಶೇಟ್‌ಜೀ ಜೀಜೀಭಾಯಿ ಚಿತ್ರಕಲಾ ಶಾಲೆಯೊಂದಕ್ಕೆ 1 ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ಮುಂಬಯಿಗೆ ರೈಲು ಬೇಕು ಎಂದು ಓಡಾಡಿದವರಲ್ಲೂ ಅವರಿದ್ದರು. 1857ರಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಆರಂಭವಾಯಿತು. ಈಗ ಅದು ಇರುವುದು ಬೋರಿಬಂದರಿನಿಂದ ಕಾಲ್ನಡಿಗೆಯಷ್ಟು ದೂರದಲ್ಲಿ. ಭಾಂಡುಪ್‌ನಲ್ಲಿ ಹತ್ತಿದವರು ಕೊನೆಯ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಮುಗಿಯಿತು. ಕನ್ನಡ, ತುಳು ಮಾತಾಡುವ ಮನೆಗಳಿಗೆ ಆ ದಾರಿ ಇಷ್ಟು ಸುಲಭವಾಗಿರಲಿಲ್ಲ ಎಂಬುದು ಬೇರೆ ಕಥೆ.

ಶಾಲೆ ಹುಟ್ಟಿದ್ದು ಕಲಾವಿದರನ್ನು ತಯಾರಿಸಲು ಅಲ್ಲ, ಕುಶಲಕರ್ಮಿಗಳ ಕೈ ಪಳಗಿಸಲು. 1865ರಲ್ಲಿ ಇಂಗ್ಲೆಂಡಿನಿಂದ ಮೂವರು ಬಂದರು. ಜಾನ್ ಗ್ರಿಫಿತ್ಸ್ ಚಿತ್ರಾಲಂಕಾರಕ್ಕೆ, ಲಾಕ್‌ವುಡ್ ಕಿಪ್ಲಿಂಗ್ ಕಟ್ಟಡದ ಶಿಲ್ಪಕ್ಕೆ, ಹಿಗಿನ್ಸ್ ಕಬ್ಬಿಣದ ಕೆಲಸಕ್ಕೆ. ಆ ವರ್ಷದ ಕೊನೆಗೆ ಇದೇ ಆವರಣದಲ್ಲಿ ರಡ್ಯಾರ್ಡ್ ಕಿಪ್ಲಿಂಗ್ ಹುಟ್ಟಿದ. ಪ್ಲಾಸ್ಟರಿನ ಗ್ರೀಕ್ ಮೂರ್ತಿಯ ಮುಂದೆ ಕೂತು ನೆರಳು ಬೆಳಕು ಬಿಡಿಸುವುದು, ಹೂಜಿ ಹಣ್ಣುಗಳನ್ನು ಕಂಡಂತೆ ಬರೆಯುವುದು, ಇದು ಪಾಠ. ಆದರೆ ಇದೇ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು 1872ರಿಂದ 1885ರವರೆಗೆ ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಿಸಿದ. ಲಂಡನ್ನಿಗೆ ಕಳಿಸಿದ ಆ ಪ್ರತಿಗಳಲ್ಲಿ ಬಹಳಷ್ಟು ಬೆಂಕಿಗೆ ಆಹುತಿಯಾದವು. ತರಗತಿಯಲ್ಲಿ ಗ್ರೀಕ್, ಗುಹೆಯಲ್ಲಿ ಅಜಂತಾ. ಈ ಎರಡೆಳೆ ಆ ಶಾಲೆಯಿಂದ ಎಂದೂ ಹೋಗಲಿಲ್ಲ.

ಕನ್ನಡ ಮಾತಾಡುವ ಊರುಗಳು ಆಗ ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿ ಪ್ರಾಂತದಲ್ಲೇ ಇದ್ದುದರಿಂದ ಅಲ್ಲಿಯ ಹುಡುಗರಿಗೆ ಚಿತ್ರ ಕಲಿಯುವುದೆಂದರೆ ಜೆ.ಜೆ. ಶಾಲೆಯೇ. ಡಿ.ವಿ. ಹಾಲಭಾವಿ ಅಲ್ಲಿ ಕಲಿತು ಧಾರವಾಡಕ್ಕೆ ಮರಳಿ ಸ್ವಂತ ಕಲಾಶಾಲೆ ಕಟ್ಟಿದರು. ಉಡುಪಿ ಮಾತ್ರ 1956ರವರೆಗೆ ಮದರಾಸಿಗೆ ಸೇರಿತ್ತು, ಗುಲಬರ್ಗಾ ನಿಜಾಮನ ಸೀಮೆ. ಆದರೂ ಆ ಎರಡು ಕಡೆಗಳಿಂದ ಇಬ್ಬರು ಮುಂಬಯಿಗೇ ಬಂದರು, ಬಂದು ಒಂದೇ ಬಾಗಿಲು ತಟ್ಟಿದರು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಮತ್ತು ಎಸ್.ಎಂ. ಪಂಡಿತ್.

ಆ ಬಾಗಿಲು ಸರಕಾರಿ ಶಾಲೆಯದಲ್ಲ. ಜಿ.ಎಸ್. ದಂಡಾವತಿಮಠರು ಮುಂಬಯಿಯಲ್ಲಿ ನಡೆಸುತ್ತಿದ್ದ ನೂತನ ಕಲಾಮಂದಿರದ್ದು. ದೂರದ ಊರಿಂದ ಬಂದವನಿಗೆ ಭಾಷೆ ಗೊತ್ತಿರುವ ಗುರು ಸಿಕ್ಕುವುದು ಎಂದರೇನೆಂದು ಮುಂಬಯಿಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಇಬ್ಬರೂ ಅಲ್ಲಿ ಕೈ ಪಳಗಿಸಿಕೊಂಡರು, ಜೆ.ಜೆ. ಶಾಲೆಯಲ್ಲೂ ಕಲಿತರು. ಕರ್ನಾಟಕದ ಕಲೆಯ ಚರಿತ್ರೆಯಲ್ಲಿ ದಂಡಾವತಿಮಠರ ಹೆಸರಿಗೆ ಸಿಕ್ಕಿರುವ ಜಾಗ ತೀರ ಸಣ್ಣದು. ಶಿಷ್ಯರ ಹೆಸರು ದೊಡ್ಡದಾದಾಗ ಹೀಗಾಗುತ್ತದೆ.

ಹೆಬ್ಬಾರರು ಹುಟ್ಟಿದ್ದು 1911ರಲ್ಲಿ. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಅಂದರೆ ಆಕಾರ ಮೂಡಿಸುವ ಕೆಲಸ ಮನೆಯಲ್ಲೇ ಇತ್ತು, ಅದಕ್ಕೆ ಸರ್ಟಿಫಿಕೇಟು ಇರಲಿಲ್ಲ ಅಷ್ಟೆ. 1938ರಲ್ಲಿ ಜೆ.ಜೆ. ಶಾಲೆಯ ಡಿಪ್ಲೊಮಾ ಬಂತು. 1940ರಿಂದ 1945ರವರೆಗೆ ಅಲ್ಲೇ ಪಾಠ ಹೇಳಿದರು. ಸಂಬಳ ಇತ್ತು, ಹೆಸರಿತ್ತು, ಮೂರ್ತಿಯ ಮುಂದೆ ಕೂರಿಸಿ ಕಲಿಸಿದ ವಾಸ್ತವ ಶೈಲಿ ಕೈವಶವಾಗಿತ್ತು. ಅವರ ಕಷ್ಟ ಶುರುವಾದದ್ದೇ ಅಲ್ಲಿ. ಶಾಲೆ ಕೊಟ್ಟ ಕೈಯಿಂದ ತಮ್ಮ ಕರಾವಳಿಯ ಜಾತ್ರೆ, ಕೋಳಿ ಅಂಕ, ಕುಣಿತಗಳು ಮೂಡುತ್ತಿರಲಿಲ್ಲ. ಜೈನ ಹಸ್ತಪ್ರತಿಗಳ ಚಿತ್ರ ನೋಡಿದರು, ಅಮೃತಾ ಶೇರ್‌ಗಿಲ್ ಬಳಸಿದ ಬಣ್ಣ ನೋಡಿದರು, ಲಯ ಮೈಗೆ ಹತ್ತಲಿ ಎಂದು ಕಥಕ್ ಕೂಡ ಕಲಿತರು. 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಮೇಷ್ಟ್ರಾಗಿದ್ದವರು ನಲವತ್ತರ ಹೊಸ್ತಿಲಲ್ಲಿ ಬೆಂಚಿಗೆ ವಾಪಸು! ಪದ್ಮಶ್ರೀ, ಪದ್ಮಭೂಷಣಗಳು ಆಮೇಲಿನ ಮಾತು. ಒಂದೇ ಎಳೆತದಲ್ಲಿ ಕುಣಿಯುವ ದೇಹವನ್ನು ಹಿಡಿಯುವ ರೇಖೆಯನ್ನು ಅವರು ಡಿಪ್ಲೊಮಾ ಬಂದ ಮೇಲೆ ಕಲಿತದ್ದು.

ಪಂಡಿತರು ಬೇರೆ ದಾರಿ ಹಿಡಿದರು. ಕಲಿತ ವಾಸ್ತವ ಶೈಲಿಯನ್ನು ಬಿಡದೆ ಸಿನಿಮಾ ಪ್ರಚಾರಕ್ಕೆ, ಕ್ಯಾಲೆಂಡರಿಗೆ ತಂದರು. ದೇವಾನುದೇವತೆಗಳಿಗೆ ಮಾಂಸಖಂಡ, ಮೈಬಣ್ಣ ಕೊಟ್ಟು ಅಂಗಡಿ, ಅಡುಗೆಮನೆಗಳ ಗೋಡೆಗೆ ಕಳಿಸಿದರು. ಗ್ಯಾಲರಿಯವರು ಇದನ್ನು ಬಹುಕಾಲ ಕಲೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಕಲಾಶಾಲೆಗೆ ಹೊರಟ ಹುಡುಗನಿಗೆ ಮನೆಯವರು ಕೇಳುವ ಮೊದಲ ಪ್ರಶ್ನೆ, ಹೊಟ್ಟೆಗೇನು ಎಂಬುದು. ಅದಕ್ಕೆ ಪಂಡಿತರ ಬದುಕೇ ಉತ್ತರ. ಜೆ.ಜೆ. ಶಾಲೆಯೂ 1935ರಲ್ಲಿ ಜಾಹೀರಾತು ಕಲೆಯ ವಿಭಾಗ ತೆರೆಯಿತು. 1961ರಲ್ಲಿ ಅದು ಅಪ್ಲೈಡ್ ಆರ್ಟ್ ಎಂಬ ಪ್ರತ್ಯೇಕ ಸಂಸ್ಥೆಯಾಯಿತು.

ಮುಂಬಯಿಗೆ ವಲಸೆ ಬಂದ ಕರಾವಳಿಯ ಹುಡುಗರ ಕಥೆ ಸಾಮಾನ್ಯವಾಗಿ ಹೀಗಿರುತ್ತದೆ: ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿತ, ರಾತ್ರಿ ಶಾಲೆ, ಆಮೇಲೆ ಬ್ಯಾಂಕು, ವಕೀಲಿ, ಸ್ವಂತ ಹೋಟೆಲು. ರಾತ್ರಿಶಾಲೆ ಒಂದು ತಲೆಮಾರನ್ನೇ ಎತ್ತಿ ನಿಲ್ಲಿಸಿತು. ಚಿತ್ರಕ್ಕೆ ಆ ಏಣಿ ಅಷ್ಟು ಸುಲಭವಾಗಿ ಒದಗಲಿಲ್ಲ. ಅದಕ್ಕೆ ಹಗಲಿನ ಬೆಳಕು ಬೇಕು, ಎದುರಿಗೆ ಮಾದರಿ ಬೇಕು, ಬಣ್ಣಕ್ಕೆ ದುಡ್ಡು ಬೇಕು, ಸಂಪಾದನೆಯಿಲ್ಲದ ವರ್ಷಗಳು ಬೇಕು. ಭಾಂಡುಪ್‌ನ ಕಾರ್ಖಾನೆಗಳಲ್ಲಿ ಪಾಳಿ ಮಾಡಿದವರ ಮನೆಗಳಿಗೆ ಕೊನೆಯದು ದುಬಾರಿ.

ಪದವಿ ಎಂಬ ಮಾತು ತಡವಾಗಿ ಬಂತು. ಬರೋಡದ ವಿಶ್ವವಿದ್ಯಾಲಯ 1950ರಲ್ಲೇ ಲಲಿತಕಲಾ ವಿಭಾಗ ತೆರೆದು ಪದವಿ ಕೊಡತೊಡಗಿತು. ಜೆ.ಜೆ. ಶಾಲೆ ಮಾತ್ರ ಡಿಪ್ಲೊಮಾವನ್ನೇ ಕೊಡುತ್ತ ಬಂದು, 1981ರಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತು. ಮದುವೆ ಮಾತುಕತೆಯಲ್ಲಿ, ಬ್ಯಾಂಕಿನ ಅರ್ಜಿಯಲ್ಲಿ ಈ ಎರಡು ಕಾಗದಗಳ ಬೆಲೆ ಒಂದೇ ಆಗಿರಲಿಲ್ಲ. ಹಾಗೆಂದು ಚಿತ್ರ ಚೆನ್ನಾಯಿತೆಂದಲ್ಲ, ತಂದೆತಾಯಿಗೆ ಹೇಳಲು ಒಂದು ಮಾತು ಸಿಕ್ಕಿತು.

ಇವತ್ತು ಭಾಂಡುಪ್‌ನ ಶಾಲಾಮಕ್ಕಳೂ ರಾಜ್ಯ ಸರಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೆ ಕೂರುತ್ತಾರೆ. ಇಂಟರ್‌ಮೀಡಿಯೆಟ್ ಪಾಸಾದರೆ ಹತ್ತನೆಯ ತರಗತಿಯಲ್ಲಿ ಕೆಲವು ಅಂಕ ಹೆಚ್ಚು. ಮಗಳು ಕಲಾಶಾಲೆಗೆ ಹೋಗುತ್ತೇನೆಂದರೆ ಹೌಹಾರುವ ಅಪ್ಪನೇ ಆ ಅಂಕಕ್ಕಾಗಿ ಅವಳನ್ನು ಡ್ರಾಯಿಂಗ್ ಕ್ಲಾಸಿಗೆ ಬಿಟ್ಟು ಬರುತ್ತಾನೆ. ಪರೀಕ್ಷೆಯ ಹಾಲಿನಲ್ಲಿ ಅವಳ ಎದುರಿಗೆ ಹೂಜಿ ಹಣ್ಣುಗಳಂಥವೇ ಒಂದೆರಡು ವಸ್ತುಗಳನ್ನು ಜೋಡಿಸಿಟ್ಟಿರುತ್ತಾರೆ. ಗ್ರಿಫಿತ್ಸ್ ಸಾಹೇಬನ ಕಾಲದವನು ಯಾರಾದರೂ ಎದ್ದು ಬಂದರೂ ಆ ಮೇಜು ಅವನಿಗೆ ಗುರುತು ಸಿಕ್ಕೀತು.