ಪಾರ್ಟಿ ಕಟ್ಟಿಕೊಂಡು ಓದಿದವರು

ನಮ್ಮ ಕಡೆ ಅಂಕಣವನ್ನು ಯಾರೂ ಸುಮ್ಮನೆ ಓದಿ ಮಡಚಿಟ್ಟವರಲ್ಲ. ಟಿಕೋಟಾದ ಬಸ್ ನಿಲ್ದಾಣದ ಹತ್ತಿರ ನಮ್ಮಪ್ಪನದೊಂದು ಪಾನಪಟ್ಟಿ ಅಂಗಡಿ ಇತ್ತು. ಎಲೆ, ಅಡಿಕೆ, ತಂಬಾಕು, ಬೀಡಿ. ಮುಂದಿನ ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪು ಹಾಕಿ ತೂಗುಬಿಟ್ಟ ವಾರಪತ್ರಿಕೆಗಳು. ಕಟ್ಟು ವಿಜಾಪುರದಿಂದ ಅಥಣಿ ಬಸ್ಸಿನ ಮೇಲೆ ಬರುತ್ತಿತ್ತು. ಅದರ ಸುತಳಿ ಬಿಚ್ಚುವ ಮೊದಲೇ ಬೆಂಚಿನ ಮೇಲೆ ನಾಲ್ಕು ಜನ ಕೂತಿರುತ್ತಿದ್ದರು. ಕೊಳ್ಳುವವನು ಒಬ್ಬ, ಓದಿ ಹೇಳುವವನು ಇನ್ನೊಬ್ಬ, ನಡುನಡುವೆ ಬಾಯಿ ಹಾಕುವವರು ಉಳಿದವರೆಲ್ಲ. ಓದು ಒಂದು ಪುಟ ದಾಟುವುದರೊಳಗೆ ಬೆಂಚು ಎರಡು ಪಾರ್ಟಿ ಆಗಿರುತ್ತಿತ್ತು. ಬರೆದವನ ಪರ ಒಂದು, ವಿರುದ್ಧ ಒಂದು. ಮುಂದೆ ಮಾಸ್ತರಕಿ ಸೇರಿ ಬಬಲೇಶ್ವರದಲ್ಲಿ ವರ್ಷಗಟ್ಟಲೆ ಇದ್ದೆ, ಅಲ್ಲಿಯೂ ಇದನ್ನೇ ಕಂಡೆ. ಈ ಜಗಳದ ಚರಿತ್ರೆಯನ್ನು ಯಾರಾದರೂ ಬರೆದಿಡಬೇಕು ಎಂದು ಬಹಳ ದಿನದಿಂದ ಅನ್ನಿಸಿದೆ. ಪತ್ರಿಕೆಯ ಚರಿತ್ರೆ ಬರೆಯುವವರು ಸಂಪಾದಕರ ಹೆಸರು ಬರೆದು ನಿಲ್ಲಿಸುತ್ತಾರೆ. ಬೆಂಚಿನ ಮೇಲೆ ಕೂತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಪಾರ್ಟಿ ಕಟ್ಟುವ ರೂಢಿ ಪತ್ರಿಕೆ ಕಲಿಸಿದ್ದಲ್ಲ. ಹರದೇಶಿ–ನಾಗೇಶಿ ಕೇಳಿ ಬೆಳೆದ ಸೀಮೆ ನಮ್ಮದು. ಜಾತ್ರೆ ಇರಲಿ, ಉರುಸು ಇರಲಿ, ಎರಡು ಗೀಗೀ ಮೇಳ ಕರೆಸಿ ಎದುರುಬದುರು ನಿಲ್ಲಿಸುವುದು. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಡಪ್ಪು, ತುಂತುಣಿ, ತಾಳ. ಒಬ್ಬರ ಸವಾಲು, ಇನ್ನೊಬ್ಬರ ಜವಾಬು, ಬೆಳಗು ಹರಿಯುವ ತನಕ. ಕೇಳುವ ಜನವೂ ಎರಡಾಗಿ ಕೂಡುತ್ತಿತ್ತು. ಆದರೂ ಎದುರು ಪಾರ್ಟಿಯವರು ಹೊಡೆದ ಮಾತು ಸರಿಯಾಗಿ ನಾಟಿದರೆ ಈ ಕಡೆಯವನೇ ಎದ್ದು ಹೋಗಿ ಅವರ ಅಂಗಿಗೆ ನೋಟು ಸಿಗಿಸಿ ಬರುತ್ತಿದ್ದ. ಇದು ನಾನು ಕಣ್ಣಾರೆ ಕಂಡದ್ದು. ಆ ಪದಗಳ ಬೆಲೆ ತಿಳಿದವರೂ ನಮ್ಮ ಜಿಲ್ಲೆಯವರೇ. ಭೀಮೆಗೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ತಂದರು. ಈ ಹಲಸಂಗಿಯ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಅಚ್ಚಿನ ಮಾತಿಗೆ ಬಂದರೆ ವಿಜಾಪುರದವರು ಮೊದಲು ಕೈಮುಗಿಯಬೇಕಾದದ್ದು ಫ.ಗು. ಹಳಕಟ್ಟಿಯವರಿಗೆ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಕೀಲಿ ಓದಿ, 1904ರಲ್ಲಿ ವಿಜಾಪುರಕ್ಕೆ ಬಂದವರು. ಊರೂರು ತಿರುಗಿ ತಾಡೋಲೆ ಕೂಡಿಸಿ ‘ವಚನಶಾಸ್ತ್ರಸಾರ’ ಸಿದ್ಧಮಾಡಿದಾಗ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸು ಹಸ್ತಪ್ರತಿಯನ್ನು ಅಚ್ಚುಮಾಡದೆ ಹಿಂದಕ್ಕೆ ಕಳಿಸಿತು. ಕಡೆಗೆ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಪ್ರೆಸ್ಸಿನ ಬಾಗಿಲು ಕಾಯುವ ಕಷ್ಟ ಬೇಡವೆಂದು ಮನೆ ಮಾರಿದ ಹಣದಿಂದ 1925ರಲ್ಲಿ ವಿಜಾಪುರದಲ್ಲೇ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಒಂದು ಕಡೆ ಹಳೆಯ ವಚನ, ಇನ್ನೊಂದು ಕಡೆ ಆ ವಾರದ ಊರ ಸಂಗತಿ. ಎರಡೂ ಅದೇ ಮೊಳೆಗಳಿಂದ ಜೋಡಿಸಿದ್ದು.

ಹಳಕಟ್ಟಿಯವರದು ಖಾರದ ಲೇಖನಿ ಅಲ್ಲ. ಆದರೂ ಅವರಿಂದ ನಮ್ಮ ಓದುಗರಿಗೆ ಒಂದು ಅಳತೆಗೋಲು ಸಿಕ್ಕಿತು. ನಾನು ಹುಡುಗನಿದ್ದಾಗ ಅಂಗಡಿಗೆ ಬರುತ್ತಿದ್ದ ಮುದುಕರೊಬ್ಬರು ಯಾವ ಪತ್ರಿಕೆಯನ್ನಾದರೂ ಕೈಗೆ ಕೊಟ್ಟ ಕೂಡಲೇ ಕೇಳುತ್ತಿದ್ದದ್ದು ಒಂದೇ ಮಾತು: “ಇಂವ ಮನಿ ಮಾರ್ಯಾನೋ, ಮನಿ ಕಟ್ಟ್ಯಾನೋ?” ಬರೆಯುವವನು ಏನು ಬರೆದ ಎನ್ನುವುದಕ್ಕಿಂತ ಮೊದಲು ಏನು ಕಳೆದುಕೊಂಡ ಎಂದು ಕೇಳುವ ಈ ಗುಣ ಒಳ್ಳೆಯದೂ ಹೌದು, ಕ್ರೂರವೂ ಹೌದು. ಮುಂದೆ ಬಂದವರನ್ನೆಲ್ಲ ನಮ್ಮ ಜನ ಇದೇ ಕೋಲಿನಿಂದ ಅಳೆದರು.

ಆ ಅಳತೆಗೆ ಮೊದಲು ಸಿಕ್ಕವರು ಪಾಟೀಲ ಪುಟ್ಟಪ್ಪನವರು, ಎಲ್ಲರ ಬಾಯಲ್ಲಿ ‘ಪಾಪು’. ಅಮೆರಿಕಾಕ್ಕೆ ಹೋಗಿ ಪತ್ರಿಕೋದ್ಯಮ ಓದಿ ಬಂದ ಹಾವೇರಿ ಸೀಮೆಯ ಈ ಮನುಷ್ಯ 1954ರಲ್ಲಿ ಹುಬ್ಬಳ್ಳಿಯಿಂದ ‘ಪ್ರಪಂಚ’ ವಾರಪತ್ರಿಕೆ ಶುರುಮಾಡಿದಾಗ ವಿಜಾಪುರ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಹಿರಿಯರಿಗೆ ‘ಪ್ರಪಂಚ’ ಎಂದರೆ ಏಕೀಕರಣದ ಸಿಟ್ಟು ಅಚ್ಚಾಗಿ ಬಂದಂತೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದ ಮೇಲೂ ಅವರ ಸಿಟ್ಟು ಇಳಿಯಲಿಲ್ಲ. ಇಲ್ಲಿಂದ ಓದುಗರು ಒಡೆದರು. ಒಂದು ಪಾರ್ಟಿ, “ನಮ್ಮ ಕಡೀ ಮಂದಿಗೆ ಬಾಯಿ ಕೊಟ್ಟಾಂವ ಅಂವ ಒಬ್ಬನs” ಎನ್ನುತ್ತಿತ್ತು. ಇನ್ನೊಂದು, “ಬೈಲಿಕ್ಕೆ ಯಾರನ್ನರೆ ಬಿಟ್ಟಾನೇನು?” ಎನ್ನುತ್ತಿತ್ತು. 1962ರಲ್ಲಿ ಅವರು ರಾಜ್ಯಸಭೆಗೆ ಹೋದರು, 1974ರವರೆಗೆ ಅಲ್ಲಿದ್ದರು. ಆಗಿನ ಚರ್ಚೆ ಇನ್ನೂ ಜೋರು: ಸರಕಾರವನ್ನು ಬೈಯುವವನು ದಿಲ್ಲಿಯ ಕುರ್ಚಿಯಲ್ಲಿ ಕೂಡಬಹುದೇ? ನನ್ನ ಅಪ್ಪನ ಪಾರ್ಟಿ ಕೂಡಬಾರದು ಎಂದು. ನಾನು ಅದನ್ನು ಒಪ್ಪುವುದಿಲ್ಲ. ಕೂತ ಮೇಲೂ ಪಾಪು ಬಾಯಿ ಕಟ್ಟಿಕೊಳ್ಳಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಉತ್ತರ ಕರ್ನಾಟಕಕ್ಕಾದ ಅನ್ಯಾಯದ ಮಾತು ಬಂದಾಗ ಮೊದಲು ಎದ್ದು ನಿಂತ ದನಿ ಅವರದೇ.

ಪಾಪು ನಮ್ಮವರು, ಜಗಳ ಮನೆಯೊಳಗಿನದು. ಲಂಕೇಶ್ ಹಾಗಲ್ಲ. ಶಿವಮೊಗ್ಗ ಕಡೆಯವರು, ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು, ಸಿನಿಮಾ ತೆಗೆದವರು, ಕತೆಗಾರರು. ಅವರ ‘ಲಂಕೇಶ್ ಪತ್ರಿಕೆ’ ಹುಟ್ಟಿದ್ದು 1980ರ ಜುಲೈಯಲ್ಲಿ. ಅದೇ ತಿಂಗಳ 21ಕ್ಕೆ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರು ಆಯಿತು. ಮಲಪ್ರಭೆಯ ನೀರಿಗೆ ಹಾಕಿದ ಅಭಿವೃದ್ಧಿ ಕರ ಅದರ ಮೂಲ. ನಮ್ಮ ಡೋಣಿ ಹೊಳೆಯ ಸಾಲಿನ ಊರುಗಳಿಗೆ ಆಗ ಕಾಲುವೆಯೇ ಇರಲಿಲ್ಲ. ಆದರೂ ರೈತ ಸತ್ತ ಸುದ್ದಿ ಬಂದ ದಿನ ಟಿಕೋಟಾದ ಸಂತೆ ಬಿಕೋ ಎಂದಿತು. ಗುಂಡೂರಾವ್ ಸರಕಾರದ ಮೇಲೆ ಜನಕ್ಕೆ ಎಷ್ಟು ಸಿಟ್ಟಿತ್ತೋ ಅಷ್ಟೂ ಸಿಟ್ಟಿಗೆ ಮಾತು ಬೇಕಾಗಿತ್ತು. ಜಾಹೀರಾತು ಇಲ್ಲದ, ಕಪ್ಪು ಬಿಳುಪಿನ ಆ ಹಾಳೆಗಳು ಮಾತು ತಂದವು. ಮುಖ್ಯಮಂತ್ರಿಯನ್ನು ‘ಗುಂ’ ಎಂದು ಒಂದೇ ಅಕ್ಷರಕ್ಕೆ ಇಳಿಸಿ ಬರೆಯಬಹುದು ಎನ್ನುವುದೇ ನಮಗೆ ಹೊಸದು.

ಲಂಕೇಶರ ಅಂಕಣ ‘ಟೀಕೆ–ಟಿಪ್ಪಣಿ’ಯನ್ನು ನಮ್ಮ ಅಂಗಡಿಯ ಬೆಂಚಿನಲ್ಲಿ ಓದುತ್ತಿದ್ದವರು ಒಬ್ಬ ನಿವೃತ್ತ ತಲಾಠಿ. ದನಿ ಏರಿಸದೆ, ಪ್ರತಿ ವಾಕ್ಯದ ಕೊನೆಗೆ ನಿಂತು, ಕನ್ನಡಕದ ಮೇಲಿಂದ ಎಲ್ಲರ ಮುಖ ನೋಡಿ ಓದುವರು. ಬೈಗುಳ ಇದ್ದಲ್ಲಿ ನಿಲ್ಲುತ್ತಿರಲಿಲ್ಲ. ಸರಾಗ ದಾಟಿ ಹೋಗಿ, ಮೆತ್ತಗಿನ ಮಾತು ಬಂದಲ್ಲಿ ನಿಂತು, “ಇಲ್ಲಿ ನೋಡ್ರಿ, ಇಲ್ಲಿ ಹೊಡದಾನ” ಎನ್ನುವರು. ಗದ್ಯದ ಏಟು ಎಲ್ಲಿ ಬೀಳುತ್ತದೆ ಎನ್ನುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಿ ಅಲ್ಲ, ಅವರ ಬಾಯಿಂದ. ಅದೇ ಪತ್ರಿಕೆಯಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದಾಗ, ಅಂಗಡಿಯ ಬೆಂಚಿಗೆ ಎಂದೂ ಬಾರದ ಹೆಂಗಸರು ಮನೆಯ ಹುಡುಗರನ್ನು ಅಟ್ಟಿ ಪತ್ರಿಕೆ ತರಿಸಿಕೊಳ್ಳತೊಡಗಿದರು. ನಮ್ಮ ಓಣಿಯ ಮುಸ್ಲಿಂ ಮನೆಗಳಲ್ಲೂ, ಲಿಂಗಾಯತರ ಮನೆಗಳಲ್ಲೂ ನಾದಿರಾಳ ಗತಿಯೇ ಮಾತು. ಕಾಸರಗೋಡಿನ ಕಡೆಯ ಹೆಣ್ಣಿನ ಕತೆಗೆ ಟಿಕೋಟಾದ ಅಡುಗೆಮನೆಯಲ್ಲಿ ಕಣ್ಣೀರು ಬಂದದ್ದು ಸಣ್ಣ ಸಂಗತಿಯಲ್ಲ.

1983ರ ಜನವರಿಯಲ್ಲಿ ಗುಂಡೂರಾವ್ ಸೋತರು, ರಾಮಕೃಷ್ಣ ಹೆಗಡೆ ಬಂದರು. ಲಂಕೇಶರ ಪಾರ್ಟಿಯವರಿಗೆ ಹಬ್ಬ. ಆ ಹಬ್ಬ ಬಹಳ ದಿನ ಉಳಿಯಲಿಲ್ಲ. ಲಂಕೇಶ್ ಹೆಗಡೆಯವರನ್ನೂ ಬಿಡಲಿಲ್ಲ. ಬೆಂಚಿನ ಮೇಲೆ ನಿಜವಾದ ಒಡಕು ಬಿದ್ದದ್ದು ಆವಾಗ. ನಿನ್ನೆಯವರೆಗೆ ತಲೆಮೇಲೆ ಹೊತ್ತವರು, “ತಂದ ಸರಕಾರಾನs ತಾನs ಕೆಡವತಾನಲ್ಲ, ಇವನ ಮನಸಿನಾಗ ಏನೈತಿ?” ಎಂದು ಪತ್ರಿಕೆ ಬಿಟ್ಟರು. ನಿನ್ನೆಯವರೆಗೆ ಬೈದವರು ಕೊಳ್ಳತೊಡಗಿದರು. ಒಬ್ಬ ದ್ರಾಕ್ಷಿ ಬೆಳೆಗಾರರು, ಹೆಗಡೆಯವರ ಜನತಾ ಪಕ್ಷದ ಕಟ್ಟಾ ಬೆಂಬಲಿಗರು, ಪತ್ರಿಕೆಗೆ ಬೆಂಕಿ ಹಚ್ಚಬೇಕು ಎಂದು ಕೂಗಾಡಿ ಎಂಟಾಣೆ, ರೂಪಾಯಿ ಎಣಿಸಿ ಅದನ್ನೇ ಕೊಂಡು ಹೋಗುತ್ತಿದ್ದರು. ಅಪ್ಪ ಕೇಳಿದರೆ, “ಓದದs ಹೆಂಗ ಬೈಲಿ?” ಎಂದರು.

ನನ್ನ ತೀರ್ಪು ಇದು: ತನ್ನ ಅಭಿಮಾನಿಗಳನ್ನೇ ಕಳೆದುಕೊಳ್ಳಲು ತಯಾರಾದ ದಿನ ಲಂಕೇಶ್ ದೊಡ್ಡವರಾದರು. ವಿರೋಧಿಯನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಯಾರಿಗೂ ಬರುತ್ತದೆ. ಅವರ ಎಲ್ಲ ಮಾತೂ ನ್ಯಾಯದ್ದಲ್ಲ; ವ್ಯಕ್ತಿಗಳ ಮೇಲೆ ಅವರು ಆಡಿದ ಕೆಲವು ಮಾತುಗಳನ್ನು ನೆನೆದರೆ ಇಂದಿಗೂ ಬೇಸರ ಆಗುತ್ತದೆ. ಆದರೆ ಮನಿ ಮಾರ್ಯಾನೋ ಕಟ್ಟ್ಯಾನೋ ಎಂದು ಕೇಳಿದ ಮುದುಕರ ಕೋಲಿನಲ್ಲಿ ಲಂಕೇಶ್ ಗೆದ್ದರು, ಏಕೆಂದರೆ ಅವರು ಪಣಕ್ಕಿಟ್ಟದ್ದು ಓದುಗರನ್ನು. 2000ದ ಜನವರಿ 25ರಂದು ಅವರು ಹೋದ ಸುದ್ದಿ ಬಂದಾಗ ಎರಡೂ ಪಾರ್ಟಿಯವರು ಬೆಂಚಿಗೆ ಬಂದರು.

ಆ ಹೊತ್ತಿಗೆ ಹಗ್ಗದ ಮೇಲೆ ಬೇರೆ ಪತ್ರಿಕೆ ತೂಗುತ್ತಿತ್ತು. ಬಳ್ಳಾರಿಯ ರವಿ ಬೆಳಗೆರೆ 1995ರಲ್ಲಿ ತೆಗೆದ ‘ಹಾಯ್ ಬೆಂಗಳೂರ್’. ಹೆಸರಿನಲ್ಲಿ ಬೆಂಗಳೂರು ಇದ್ದರೂ ಓದುಗರು ನಮ್ಮಲ್ಲಿ ಬಹಳ. ಬಬಲೇಶ್ವರದ ನನ್ನ ಶಾಲೆಯ ಹಿಂದಿನ ಬೆಂಚಿನ ಹುಡುಗರು, ಪಠ್ಯಪುಸ್ತಕ ಎಂದರೆ ನಿದ್ದೆ ಮಾಡುವವರು, ಅವರ ಅಂಕಣ ‘ಖಾಸ್‌ಬಾತ್’ ಅನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ತಾಯಿಯ ಬಗ್ಗೆ, ಬಡತನದ ಬಗ್ಗೆ, ಒಂಟಿತನದ ಬಗ್ಗೆ ಎದೆಗೆ ಎದೆ ಕೊಟ್ಟು ಬರೆಯುತ್ತಿದ್ದ ಆ ಮನುಷ್ಯನ ಕನ್ನಡಕ್ಕೆ ನಾನೂ ಸೋತವನು.

ಆದರೆ ಬೆಳಗೆರೆ ನಮ್ಮ ಜಿಲ್ಲೆಯ ಬಗ್ಗೆಯೇ ಬರೆದರು. ‘ಭೀಮಾ ತೀರದ ಹಂತಕರು’ ಎಂಬ ಮೂರು ಶಬ್ದ ಅವರ ಬರಹದಿಂದ ಮನೆಮನೆಗೆ ಹೋಯಿತು. ಇಂಡಿ, ಸಿಂದಗಿ, ಆಲಮೇಲ ಕಡೆಯ ಹಗೆತನ, ನಾಡ ಪಿಸ್ತೂಲು, ಮನೆತನಗಳ ನಡುವಿನ ಸೇಡು. ಇವನ್ನು ಅವರು ಕಟ್ಟಿ ಹುಟ್ಟಿಸಿದ್ದಲ್ಲ, ಕೊಲೆಗಳು ನಡೆದದ್ದು ಖರೆ. ಆ ಭಾಗದ ಬಡವರು ಎಷ್ಟು ಹೆದರಿ ಬದುಕಿದ್ದರು ಎಂಬುದನ್ನು ಆ ಮೊದಲು ಬೆಂಗಳೂರಿನವರು ಬಲ್ಲವರಲ್ಲ. 2012ರಲ್ಲಿ ‘ಭೀಮಾ ತೀರದಲ್ಲಿ’ ಸಿನಿಮಾ ಬಂದು, ಅದು ಯಾರ ಕತೆ ಎಂದು ದೊಡ್ಡ ತಕರಾರು ಎದ್ದಾಗ ಹೆಸರು ಇನ್ನೂ ಗಟ್ಟಿಯಾಯಿತು. ಆಮೇಲೆ ಟಿವಿಯವರು ಎತ್ತಿಕೊಂಡರು. ವಿಜಯಪುರ ಜಿಲ್ಲೆಯ ಯಾವ ಮೂಲೆಯಲ್ಲಿ ರಕ್ತ ಬಿದ್ದರೂ ಭೀಮಾ ತೀರವೇ.

ನಾವು ಭೀಮೆಯವರೇ ಅಲ್ಲ. ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ಅಡ್ಡ ಬರುತ್ತದೆ. ಟಿಕೋಟಾದಲ್ಲಿ ಒಣದ್ರಾಕ್ಷಿ ಮಾಡುತ್ತೇವೆ. ಭೀಮೆ ಇರುವುದು ಜಿಲ್ಲೆಯ ಬಡಗಣ ಅಂಚಿಗೆ. ಆದರೂ ಬೆಂಗಳೂರಿಗೆ ಓದಲು ಹೋದ ನನ್ನ ವಿದ್ಯಾರ್ಥಿಗೆ ಬಾಡಿಗೆ ಮನೆಯ ಮಾಲಕ ಕೇಳಿದ ಮೊದಲ ಪ್ರಶ್ನೆ, “ಭೀಮಾ ತೀರದವ್ರಾ?” ಹುಡುಗ ನಕ್ಕು ಬಿಟ್ಟನಂತೆ. ನನಗೆ ನಗು ಬರಲಿಲ್ಲ. ಪಾಪು, ಲಂಕೇಶ್ ಅವರ ಜಗಳದಲ್ಲಿ ಬೆಂಚಿನವರು ಸೋತದ್ದು ಬರೀ ವಾದ. ಇಲ್ಲಿ ಕಳೆದುಹೋದದ್ದು ಊರಿನ ಹೆಸರು. 2014ರ ನವೆಂಬರ್ 1ರಿಂದ ಸರಕಾರ ನಮ್ಮನ್ನು ವಿಜಯಪುರ ಎಂದು ಕರೆಯಿತು. ಹೊರಗಿನವರ ಬಾಯಲ್ಲಿ ಅಂಕಣಕಾರ ಕೊಟ್ಟ ಹೆಸರೇ ಉಳಿಯಿತು.

ಬೆಳಗೆರೆ 2020ರ ನವೆಂಬರ್ 13ರಂದು ತೀರಿಕೊಂಡರು. ಎರಡು ಪಾರ್ಟಿ ಇನ್ನೂ ಹಾಗೇ ಇವೆ. ಬಬಲೇಶ್ವರದಲ್ಲಿ ನನ್ನ ಜೊತೆ ಕೆಲಸ ಮಾಡಿದ ಮಾಸ್ತರೊಬ್ಬರು ಬೆಳಗೆರೆಯ ಕಟ್ಟಾ ಅಭಿಮಾನಿ. ಮೊನ್ನೆ ಮತ್ತೆ ಇದೇ ಮಾತು ಬಂತು.

“ಸರ, ನಮ್ಮ ಹುಡುಗೂರು ಪುಸ್ತಕ ಹಿಡದದ್ದs ಅವರಿಂದ. ಅದನ್ನ ಮರೀಬ್ಯಾಡ್ರಿ.”

“ಮರತಿಲ್ರಿ. ಆದರ ಅದs ಭೀಮಿ ದಂಡಿ ಮ್ಯಾಲ ಹಲಸಂಗಿ ಐತಲ್ರಿ. ‘ಗರತಿಯ ಹಾಡು’ ಭೀಮಾ ತೀರದ್ದಲ್ಲೇನು? ಇಂಡಿ ನಿಂಬಿ ಭೀಮಾ ತೀರದ್ದಲ್ಲೇನು? ಅದನ್ನ್ಯಾಕ ಯಾರೂ ಹಂಗ ಕರಿಯೂದಿಲ್ಲ?”

“ಅದನ್ನ ಬೆಳಗೆರೆ ಹಂಗ ಯಾರರೆ ಬರದಾರೇನ್ರಿ? ಬರದಿದ್ರ ತೋರಸ್ರಿ, ಓದತೀನಿ.”

ಈ ಸವಾಲಿಗೆ ಜವಾಬು ಕೊಡಬೇಕಾದವರು ನಾವೇ. ಈಗ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಪತ್ರಿಕೆಗೆ ಬರೆಯುವ ನಾಲ್ಕಾರು ಜನ ಇದ್ದಾರೆ. ಹಲಸಂಗಿಗೆ ಹೋಗಿ ಬನ್ನಿ, ಮಧುರಚೆನ್ನರ ಊರನ್ನು ಅಷ್ಟೇ ಬಿಸಿಯಾದ ಕನ್ನಡದಲ್ಲಿ ಬರೆಯಿರಿ ಎಂದು ಅವರ ಬೆನ್ನು ಬಿದ್ದಿದ್ದೇನೆ. ಒಬ್ಬಳು ಬರುವ ಕಾರಹುಣ್ಣಿಮೆಗೆ ಹೋಗುತ್ತೇನೆ ಎಂದಿದ್ದಾಳೆ.